ಸೈಕಲ್ ಚಕ್ರದ ಮೇಲಿನ ಬದನೆಕಾಯಿ

ಬೇಸಿಗೆ ರಜೆ ಬಂತೆಂದರೆ ಬೇರೆ ಮಕ್ಕಳು ಅಜ್ಜಿಯ ಊರಿಗೆ ಹೋಗುತ್ತಿದ್ದ ಕಾಲದಲ್ಲಿ, ನಾವು ಅಜ್ಜಿಯನ್ನೇ ಕರೆದುಕೊಂಡು ಊರು ಬಿಡುತ್ತಿದ್ದೆವು. ಗೌನಿಪಲ್ಲಿಯಿಂದ ರಾಯಲ್ಪಾಡಿನವರೆಗೆ ಮಾವಿನ ತೋಪು ಇದ್ದ ಮನೆಗಳಲ್ಲೆಲ್ಲ ಆಗ ಅದೇ ರೂಢಿ. ಕಾಯಿ ಬಲಿಯತೊಡಗಿದೊಡನೆ ಮನೆಯ ಅರ್ಧ ಜನ ಚಾಪೆ, ಪಾತ್ರೆ, ರಾಗಿಹಿಟ್ಟಿನ ಡಬ್ಬ, ಉಪ್ಪಿನ ಮಡಕೆ ಹೊತ್ತು ತೋಪಿನ ಗುಡಿಸಲಿಗೆ ಹೋಗಿಬಿಡಬೇಕು. ತೋತಾಪುರಿಯ ಕೊನೆಯ ಕಾಯಿ ಲಾರಿ ಹತ್ತುವವರೆಗೆ ಅಲ್ಲೇ ವಾಸ. ಬಿಸಿಲಿಗೆ ಕಾದ ಮಾವಿನ ಎಲೆಯ ವಾಸನೆ, ತೊಟ್ಟು ಮುರಿದ ಕಡೆ ಒಸರುವ ಸೊನೆಯ ಘಾಟು, ಆ ಸೊನೆ ತಗುಲಿ ತುಟಿಯಂಚಿನಲ್ಲಿ ಏಳುತ್ತಿದ್ದ ಕಪ್ಪು ಕಲೆ: ಇವಿಷ್ಟೂ ಸೇರಿದರೆ ನಮಗೆ ರಜೆ.

ಕಾವಲು ಕಾಯುವವರು ಗಂಡಸರು ಎಂದು ಊರು ಹೇಳುತ್ತಿತ್ತು. ಹಗಲೆಲ್ಲ ಎಣ್ಣೆ ಡಬ್ಬ ಬಡಿದು ಕೋತಿ ಓಡಿಸುತ್ತಿದ್ದವರು, ಗಿಳಿಗಳಿಗೆ ಕಲ್ಲು ಬೀಸುತ್ತಿದ್ದವರು ಹೆಂಗಸರು ಮತ್ತು ಮಕ್ಕಳು. ನಮ್ಮ ಆ ದುಡಿಮೆಗೆ ಕಾವಲು ಎಂಬ ಹೆಸರೇ ಇರಲಿಲ್ಲ. ಅದು ಅನ್ಯಾಯವೆಂದು ಇಂದು ಬರೆಯುತ್ತೇನೆ. ಅಂದು ಅದು ಆಟವಾಗಿತ್ತು ಎಂಬುದನ್ನೂ ಬರೆಯದಿದ್ದರೆ ಸುಳ್ಳಾಗುತ್ತದೆ.

ನನಗಾಗ ಹತ್ತು ವರ್ಷ. ಅಮ್ಮ ಹಸುಗಳನ್ನು ಬಿಟ್ಟು ಬರುವಂತಿರಲಿಲ್ಲ. ಅಪ್ಪ ಟೊಮೆಟೊ ತೋಟದ ಕೆಲಸ ಮುಗಿಸಿ ಕತ್ತಲಾಗುವ ಹೊತ್ತಿಗೆ ಬರುತ್ತಿದ್ದರು. ಹಾಗಾಗಿ ಹಗಲಿಗೆ ಗುಡಿಸಲಿನಲ್ಲಿ ಇದ್ದವರು ಅಜ್ಜಿ ಮತ್ತು ನಾನು. ತೋಪಿನ ಯಜಮಾನಿಕೆ ಅಪ್ಪನ ಅಣ್ಣನದು, ಅಂದರೆ ನನ್ನ ದೊಡ್ಡಪ್ಪನದು. ತೋಪಿನ ಪಡುವಣ ಭಾಗವನ್ನು ಕಾಯಲು ಅವರು ಪ್ರತಿ ವರ್ಷ ಒಂದು ಕುಟುಂಬವನ್ನು ಗೊತ್ತುಮಾಡುತ್ತಿದ್ದರು. ಆ ವರ್ಷ ಬಂದವರು ನಾರಾಯಣಪ್ಪ, ಅವನ ಹೆಂಡತಿ ಮುನೆಮ್ಮ, ಮತ್ತು ನನಗಿಂತ ಎರಡು ವರ್ಷ ದೊಡ್ಡವಳಾದ ಮಗಳು ಗಂಗರತ್ನ. ದಲಿತ ಕೇರಿಯವರು. ಅವನ ಹೆಂಡತಿ ಎಂದು ನನ್ನ ಲೇಖನಿ ಬರೆದುಬಿಟ್ಟಿದ್ದನ್ನು ಗಮನಿಸಿ. ನನ್ನಪ್ಪನಿಗೆ ಹಚ್ಚಿದ ಬಹುವಚನ ನಾರಾಯಣಪ್ಪನವರಿಗೆ ಹಚ್ಚಲು ನನ್ನ ಬಾಲ್ಯ ಕಲಿಸಿರಲಿಲ್ಲ. ಇನ್ನು ಮುಂದೆ ಹಚ್ಚುತ್ತೇನೆ.

ಮೇ ತಿಂಗಳಲ್ಲಿ ಮಾವಿನ ತೋಪೆಂದರೆ ಒಣಗಿದ ಎಲೆಯ ಹಾಸಿಗೆ. ಒಂದು ಕಿಡಿ ಸಾಕು. ಆದ್ದರಿಂದ ದೊಡ್ಡಪ್ಪನ ಕಟ್ಟಪ್ಪಣೆ ಹೀಗಿತ್ತು: ಬೆಂಕಿ ಒಂದೇ, ಅದೂ ತೋಪಿನ ನಡುವಿನ ಹಾಸುಬಂಡೆಯ ಮೇಲೆ, ಪಕ್ಕದಲ್ಲಿ ಎರಡು ಕೊಡ ನೀರು. ಅಲ್ಲಿ ಮೂರು ಕಲ್ಲಿಟ್ಟ ಒಲೆಯೊಂದಿತ್ತು. ಮೊದಲು ನಮ್ಮ ಮುದ್ದೆ, ನಮ್ಮ ಸಾರು. ಅಜ್ಜಿ ನಿಧಾನವಾಗಿ ಎಲ್ಲ ಇಳಿಸಿ, ಕಲ್ಲುಗಳ ಮೇಲೆ ನೀರು ಚಿಮುಕಿಸಿ ಎದ್ದ ನಂತರ ಮುನೆಮ್ಮ ತಮ್ಮ ಮಡಕೆ ತರಬೇಕು. ಒಂದೇ ಬೆಂಕಿ ಎಂಬುದು ತೋಪಿನ ನಿಯಮ. ನಮ್ಮದು ಮೊದಲು ಎಂಬುದು ಯಾರೂ ಬಾಯಿಬಿಟ್ಟು ಹೇಳದೆಯೇ ನಡೆಯುತ್ತಿದ್ದ ನಿಯಮ.

ತಮ್ಮ ಸರದಿ ಬರುವವರೆಗಿನ ಹಸಿವಿಗೆ ಉಪಾಯ ಹುಡುಕಿದವಳು ಗಂಗರತ್ನ. ಅವಳ ತಂದೆ ಟೊಮೆಟೊ ಕ್ರೇಟು ಹೇರಿಕೊಂಡು ಮಂಡಿಗೆ ಹೋಗುವಾಗ ಸೈಕಲ್ ಹಳ್ಳಕ್ಕೆ ಬಿದ್ದು ಮುಂದಿನ ಚಕ್ರ ಸೊಟ್ಟಗಾಗಿತ್ತು. ಹೊಸ ಚಕ್ರ ಹಾಕಿಸಿದ ಮೇಲೆ ಹಳೆಯದು ಗುಡಿಸಲಿನ ಹಿಂದೆ ಬಿದ್ದಿತ್ತು. ಅವಳು ಅದರ ಟೈರು ಕಿತ್ತಳು. ಬೆಂಕಿಗೆ ಹಾಕಿ ನಡುವಿನ ಗ್ರೀಸನ್ನೆಲ್ಲ ಸುಟ್ಟಳು. ಆ ಹೊಗೆಗೆ ನಾವಿಬ್ಬರೂ ಒಂದು ದಿನವಿಡೀ ಕೆಮ್ಮಿದೆವು. ಬೂದಿ ಮತ್ತು ಹುಣಸೆಹಣ್ಣು ಹಚ್ಚಿ ಕಡ್ಡಿಗಳನ್ನು ಒಂದೊಂದಾಗಿ ಉಜ್ಜಿದಳು. ಆಮೇಲೆ ಪಂಪಿನ ತೊಟ್ಟಿ ಕಟ್ಟಿದವರು ಬಿಟ್ಟುಹೋದ ಸಣ್ಣ ತಂತಿಯನ್ನು ಕಡ್ಡಿಗಳ ನಡುವೆ ಹಿಂದೆ ಮುಂದೆ ಹೆಣೆದಳು, ಬುಟ್ಟಿ ಹೆಣೆಯುವ ಹಾಗೆ. ಬಂಡೆಯಲ್ಲಿದ್ದ ಬಿರುಕಿಗೆ ಮೊಳದುದ್ದದ ಕಬ್ಬಿಣದ ಪೈಪು ನೆಟ್ಟು, ಸುತ್ತ ಕಲ್ಲುಚೂರು ಬಡಿದು ಬಿಗಿಮಾಡಿ, ಚಕ್ರದ ಅಚ್ಚನ್ನು ಪೈಪಿನ ಬಾಯಿಗೆ ಇಳಿಸಿದಳು. ಚಕ್ರ ಮಲಗಿಕೊಂಡೇ ತಿರುಗಿತು.

ಒಲೆಯಲ್ಲಿ ನಮ್ಮ ಅಡುಗೆ ಬೇಯುತ್ತಿರುವಾಗಲೇ ಅವಳು ಕೆಂಡವನ್ನು ಈಚೆಗೆ ಎಳೆದುಕೊಂಡು ಚಕ್ರದ ಕೆಳಗೆ ಹರಡುತ್ತಿದ್ದಳು.

"ತಿರುಗೋದ್ ಯಾಕೆ?" ಎಂದು ಕೇಳಿದೆ.

"ಗಾಳಿ ಒಂದ್ ಕಡೆಯಿಂದ ಬೀಸ್ತೈತಲ್ಲ, ಕೆಂಡ ಒಂದೇ ಕಡೆ ಉರೀತೈತೆ. ತಿರುಗಿಸ್ತಾ ಇದ್ರೆ ಎಲ್ಲಾದ್ಕೂ ಸಮ ತಾಗ್ತೈತೆ. ಕೈ ಚಾಚಿ ಸುಟ್ಕೊಳೋದೂ ಬೇಡ. ಇಲ್ಲೇ ಕೂತ್ಕೋ, ನಿನ್ ಕಾಯಿ ನಿನ್ ಹತ್ರಾನೇ ಬರ್ತೈತೆ."

ಅವಳು ಮೂರನೇ ತರಗತಿಗೇ ಶಾಲೆ ಬಿಟ್ಟವಳು. ತೋಪಿನಿಂದ ತೋಪಿಗೆ ಕಾವಲಿಗೆ ಅಲೆಯುವ ಕುಟುಂಬದ ಹುಡುಗಿಯನ್ನು ಯಾವ ಶಾಲೆಯೂ ಹುಡುಕಿಕೊಂಡು ಹೋಗಲಿಲ್ಲ. ವಿಜ್ಞಾನದ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತು ತೆಗೆದಿದ್ದ ನಾನು ಅವಳ ಎದುರು ಬಾಯಿ ಬಿಟ್ಟುಕೊಂಡು ಕೂತಿದ್ದೆ.

ಮಧ್ಯಾಹ್ನ ಅಜ್ಜಿ ಮಲಗಿದಾಗ ಆ ಚಕ್ರ ನಮ್ಮಿಬ್ಬರದು. ಅಚ್ಚಿನಿಂದ ಎತ್ತಿ, ಕೋಲಿನಿಂದ ತಟ್ಟುತ್ತ ಸಾಲುಮರಗಳ ನಡುವೆ ಉರುಳಿಸಿಕೊಂಡು ಹೋಗುವುದು. ದೊಡ್ಡಪ್ಪನ ಅಪ್ಪಣೆ ಮೀರಿ, ತೋಪಿನಾಚೆಯ ಒಣ ಹಳ್ಳದ ಕಲ್ಲಿನ ಮೇಲೆ ಪುಳ್ಳೆ ಹಾಕಿ, ಚಕ್ರವನ್ನು ಮೂರು ಗುಂಡುಕಲ್ಲಿನ ಮೇಲೆ ಕೂರಿಸಿ, ಸಿಕ್ಕಿದ್ದೆಲ್ಲ ಸುಡುವುದು. ಹಸಿ ಕಡಲೆಕಾಯಿ, ಗೆಣಸು, ಜೋಳದ ತೆನೆ, ಬಿದ್ದ ಮಾವಿನಕಾಯಿ. ಸುಟ್ಟ ಮಾವಿನಕಾಯಿಯ ಸಿಪ್ಪೆ ಬಿರಿದು ಹುಳಿ ರಸ ಕೆಂಡಕ್ಕೆ ತೊಟ್ಟಿಕ್ಕಿ ಚುಯ್ ಎಂದಾಗ ಏಳುವ ವಾಸನೆ ಇಂದಿಗೂ ನನ್ನ ಬಾಯಲ್ಲಿ ನೀರು ತರಿಸುತ್ತದೆ. ಅವಳು ಮುರಿದು ಕೊಟ್ಟ ಅರ್ಧವನ್ನು ನಾನು ತಿನ್ನುತ್ತಿದ್ದೆ. ಯಾರಿಗೂ ಹೇಳುತ್ತಿರಲಿಲ್ಲ. ನಾವಿಬ್ಬರೇ ಇದ್ದಾಗ ಅವಳು ನನ್ನನ್ನು "ಲೇ ಸುಧಾ" ಎನ್ನುತ್ತಿದ್ದಳು. ಅಜ್ಜಿಯ ಎದುರು ನಾನು "ಪಾಪ", ಗೌಡರ ಮನೆಯ ಮಗುವನ್ನು ಕರೆಯಬೇಕಾದ ಹಾಗೆ.

ಅಜ್ಜಿಯನ್ನು ಸೋಲಿಸಿದ್ದು ವಾಸನೆ. ಹಲ್ಲಿಲ್ಲದ ಅಜ್ಜಿಗೆ ಸುಟ್ಟ ಬದನೆಕಾಯಿ ಎಂದರೆ ಪ್ರಾಣ. ಅದನ್ನು ಸುಟ್ಟ ಟೊಮೆಟೊ, ಹಸಿಮೆಣಸಿನಕಾಯಿ, ಹುರಿದ ಕಡಲೆಬೀಜದ ಜೊತೆ ಕುಟ್ಟಿದರೆ ನಮ್ಮ ಕಡೆಯ ಊರುಬಿಂಡಿ. ಬಿಸಿ ಮುದ್ದೆಗೆ ಅದೊಂದಿದ್ದರೆ ಸಾರು ಬೇಡ. ಒಲೆಯ ಉರಿಯಲ್ಲಿ ಅಜ್ಜಿ ಸುಡುತ್ತಿದ್ದ ಬದನೆಕಾಯಿ ಒಂದು ಮಗ್ಗುಲು ಇದ್ದಿಲು, ಇನ್ನೊಂದು ಮಗ್ಗುಲು ಹಸಿ. ಗಂಗರತ್ನನ ಚಕ್ರದ ಮೇಲಿನದು ಸುತ್ತಲೂ ಸುಕ್ಕುಗಟ್ಟಿ ಬೆಣ್ಣೆಯಾಗುತ್ತಿತ್ತು. ಮೂರು ದಿನ ನೋಡಿ ನೋಡಿ, ನಾಲ್ಕನೆಯ ದಿನ ಅಜ್ಜಿ ತೀರ್ಪು ಕೊಟ್ಟರು.

"ಲೇ ಹುಡುಗೀ, ಆ ಚಕ್ರದ ಮೇಲೆ ನಮ್ದೂ ಎರಡು ಬದನೇಕಾಯಿ ಇಡು. ಇಡು ಅಂದ್ರೆ ನೀನಲ್ಲ! ಸುಧಾ, ನೀನ್ ಇಡು."

"ಅಜ್ಜಿ, ಚಕ್ರ ಅವರದಲ್ವಾ?" ಎಂದೆ.

"ಬೆಂಕಿಗೆ ಮೈಲಿಗೆ ಇಲ್ಲ, ಕಬ್ಬಿಣಕ್ಕೂ ಇಲ್ಲ. ಕೈಗೈತೆ. ಕಡ್ಡಿ ಎಷ್ಟೈತೆ ಎಣಿಸು."

ಎಣಿಸಿದೆ. ಮೂವತ್ತೆರಡು.

"ಹದಿನಾರು ನಮ್ದು, ಹದಿನಾರು ಅವರ್ದು. ನಡುವೆ ದಪ್ಪ ತಂತಿ ಕಟ್ಟು."

ಮುನೆಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. "ನಮ್ ಚಕ್ರದಾಗೆ ನಮ್ಗೇ ಪಾಲು ಕೊಡ್ತವ್ರೆ ದೊಡ್ಡಮ್ಮೋರು."

"ಏನಂದೆ?"

"ಏನಿಲ್ಲ ದೊಡ್ಡಮ್ಮೋರೇ, ಒಳ್ಳೇದಾಯ್ತು ಅಂದೆ."

ಹಾಗೆ ಗಡಿ ಬಿತ್ತು. ಚಕ್ರಕ್ಕೆ ಗಾಳಿ ತುಂಬುವ ತೂತಿರುವ ಅರ್ಧ ನಮ್ಮದು, ಉಳಿದರ್ಧ ಅವರದು. ಅಜ್ಜಿಗೆ ಕಣ್ಣಿಗೆ ಪೊರೆ ಬಂದಿತ್ತು; ತೂತು ಅವರಿಗೆ ಕಾಣುತ್ತಿರಲಿಲ್ಲ. ತಾವು ಮೂಡಣಕ್ಕೆ ಕೂರುವುದರಿಂದ ತಮ್ಮ ಮುಂದಿರುವ ಅರ್ಧ ತಮ್ಮದೇ ಎಂದು ಅವರು ನಂಬಿದ್ದರು. ತಿರುಗುವ ವಸ್ತುವಿನ ಮೇಲೆ ಗೆರೆ ಎಳೆದು, ಗೆರೆ ಎಳೆದ ಕಡೆಯೇ ನಿಂತಿರುತ್ತದೆ ಎಂದು ನಂಬುವುದು ಎಂಥ ತಪ್ಪು! ಆದರೆ ಆ ತಪ್ಪನ್ನು ಅಜ್ಜಿಯೊಬ್ಬರ ಮೇಲೆ ಹೊರಿಸಲಾರೆ. ನಮ್ಮ ಇಡೀ ಊರು ಅದನ್ನೇ ಮಾಡಿಕೊಂಡು ಬಂದಿತ್ತು. ಬದನೆಕಾಯಿಗಳು ದೊಡ್ಡಪ್ಪನ ಒಂದೇ ಪಾತಿಯಿಂದ ಬಂದವು. ಅವುಗಳಲ್ಲಿ ಜಾತಿ ಗುರುತಿಸಲು ಅಜ್ಜಿಯ ಕಣ್ಣು ಚುರುಕಾಗಿದ್ದರೂ ಆಗುತ್ತಿರಲಿಲ್ಲ.

ಪ್ರತಿ ಸಲ ಬೆಂದ ಮೇಲೆ ತೂತನ್ನು ಮೂಡಣಕ್ಕೆ ತಂದು ನಿಲ್ಲಿಸುವ ಹೊಣೆ ಗಂಗರತ್ನನದು. ಅವಳು ಅದನ್ನು ಗಡಿಯಾರದ ಮುಳ್ಳು ತಿರುಗಿಸುವಷ್ಟು ಎಚ್ಚರದಿಂದ ಮಾಡುತ್ತಿದ್ದಳು. ಒಂದು ಸಂಜೆ ಪಡುವಣ ಮರಗಳಿಗೆ ಕೋತಿಗಳ ಹಿಂಡು ನುಗ್ಗಿತು. ಡಬ್ಬ ಹಿಡಿದು ಓಡುತ್ತ ಅವಳು ನನಗೆ ಕೂಗಿದಳು: "ಚಕ್ರ ನೋಡ್ಕೋ!" ನಾನು ನೋಡಿಕೊಂಡೆ, ತಿರುಗಿಸಿದೆ, ತೂತನ್ನು ಮರೆತೆ. ಅಜ್ಜಿ ಕೈ ಚಾಚಿ ತಮ್ಮ ಮುಂದಿದ್ದ ಮೂರು ಬದನೆಕಾಯಿ ಎತ್ತಿಕೊಂಡು, ಸಿಪ್ಪೆ ಸುಲಿದು, ಕುಟ್ಟಿ, ಮುದ್ದೆಗೆ ಹಚ್ಚಿ ಬಾಯಿಗಿಟ್ಟರು.

"ಅಬ್ಬಬ್ಬಾ, ಇವತ್ತಿಂದು ಬೆಣ್ಣೆ ಕಣೇ ಸುಧಾ!"

ಓಡಿ ಬಂದ ಗಂಗರತ್ನ ತೂತನ್ನು ನೋಡಿದಳು. ಅದು ಅವಳ ತಾಯಿಯ ಕಡೆಗಿತ್ತು. ನನ್ನನ್ನು ನೋಡಿದಳು. ನಾನು ನಗು ತಡೆಯಲಾರದೆ ಮರದ ಹಿಂದೆ ಓಡಿದೆ. ಅವಳೂ ನಕ್ಕಳು, ನಿಜ. ಆದರೆ ನಕ್ಕು ಮುಗಿದ ಮೇಲೆ ನನ್ನ ರಟ್ಟೆ ಹಿಡಿದು ಹೇಳಿದಳು: "ಇದು ಇಲ್ಲಿಗೇ ಆಗ್ಲಿ ಕಣೇ. ಗೌಡ್ರಿಗೆ ಗೊತ್ತಾದ್ರೆ ನಮ್ಮನ್ನ ಓಡಿಸ್ತಾರೆ. ಈ ತೋಪು ಬಿಟ್ರೆ ಈ ವರ್ಷ ನಮ್ಗೆ ಇನ್ನೊಂದಿಲ್ಲ."

ಇಲ್ಲಿಗೇ ಆಗಲಿ ಎಂದು ನಾನು ಮಾತು ಕೊಟ್ಟೆ. ಮರುದಿನ ಅವಳು ನೀರಿಗೆ ಹೋದಾಗ ಬೇಕೆಂದೇ ಚಕ್ರ ತಿರುಗಿಸಿಟ್ಟೆ. ಅದರ ಮರುದಿನವೂ. ಅವಳಿಗೆ ಗೊತ್ತಾದಾಗ "ಬೇಡ ಕಣೇ, ಬಿಡು" ಎಂದು ಬೇಡಿಕೊಂಡಳು. ನಾನು ಬಿಡಲಿಲ್ಲ. ಅಜ್ಜಿ ಚಪ್ಪರಿಸಿಕೊಂಡು ತಿನ್ನುವುದನ್ನು ನೋಡುವಾಗ ಜಗತ್ತಿನ ದೊಡ್ಡದೊಂದು ಬೀಗಕ್ಕೆ ಕೀಲಿ ಸಿಕ್ಕಂತೆ ನನ್ನೆದೆ ಉಬ್ಬುತ್ತಿತ್ತು. ಆ ವರ್ಷ ನಮ್ಮ ಶಾಲೆಗೆ ಬಂದಿದ್ದ ಮೇಷ್ಟ್ರೊಬ್ಬರು ಎಲ್ಲ ಕೇರಿಯ ಮಕ್ಕಳನ್ನೂ ಒಂದೇ ಸಾಲಿನಲ್ಲಿ ಕೂರಿಸಿ, ಅನ್ಯಾಯ ಕಂಡರೆ ಹೆದರದೆ ಎದ್ದು ನಿಂತು ಹೇಳಬೇಕು ಎಂದು ಕಲಿಸಿದ್ದರು. ನಾನು ಅವರ ಅಚ್ಚುಮೆಚ್ಚಿನ ವಿದ್ಯಾರ್ಥಿನಿ. ಎದ್ದು ನಿಲ್ಲುವ ಗಳಿಗೆಗಾಗಿ ಕಾಯುತ್ತಿದ್ದೆ.

ಹೀಗೆ ಆರು ದಿನ ಕಳೆದ ಮೇಲೆ ದೊಡ್ಡಪ್ಪ ಬಂದರು. ಮೋಟಾರ್ ಬೈಕನ್ನು ನೆರಳಿಗೆ ನಿಲ್ಲಿಸಿ, ಹಗ್ಗದ ಮಂಚದ ಮೇಲೆ ಕೂತು, ಕಾಯಿಯ ಬಣ್ಣ ವಿಚಾರಿಸಿದರು. ಚಕ್ರವನ್ನು ಕಂಡು ಅವರಿಗೆ ಬೆರಗು.

"ಯಾರ್ ಮಾಡಿದ್ದವ್ವಾ ಇದನ್ನ?"

"ನಾರಾಯಣನ ಮಗಳು. ಕೈ ಚುರುಕೈತೆ ಮುಂಡೇದಕ್ಕೆ," ಎಂದರು ಅಜ್ಜಿ ಹೆಮ್ಮೆಯಿಂದ. "ಅರ್ಧ ನಮ್ದು, ಅರ್ಧ ಅವರ್ದು. ತಂತಿ ಕಟ್ಟಿಸಿದೀನಿ ನೋಡು."

ದೊಡ್ಡಪ್ಪ ಜೋರಾಗಿ ನಕ್ಕರು. "ಭಲೇ! ಕಬ್ಬಿಣದಾಗೇ ಮಡಿ ಹಾಸಿದೀಯ."

ನಾನು ಎದ್ದು ನಿಂತೆ. ನಿಜವಾಗಿಯೂ ಎದ್ದು, ಕೈಕಟ್ಟಿ, ತರಗತಿಯಲ್ಲಿ ಉತ್ತರ ಹೇಳುವಂತೆ ನಿಂತೆ. "ಅಜ್ಜಿ ಆರು ದಿನದಿಂದ ಅವರ ಬದನೇಕಾಯೇ ತಿಂತಿದಾರೆ ದೊಡ್ಡಪ್ಪ. ಅಜ್ಜಿಗೆ ಏನೂ ಆಗಿಲ್ಲ. ಎಲ್ಲಾ ಸುಳ್ಳು."

ಚಪ್ಪಾಳೆ ಬೀಳುತ್ತದೆ ಎಂದು ನಾನು ಎಣಿಸಿರಬೇಕು. ದೊಡ್ಡಪ್ಪ ನನ್ನ ಕಡೆ ತಿರುಗಲಿಲ್ಲ. ಅಜ್ಜಿಯ ಕಡೆಗೂ ತಿರುಗಲಿಲ್ಲ. ಬಂಡೆಯ ಆಚೆ ತುದಿಯಲ್ಲಿ ರಾಗಿ ಕೇರುತ್ತಿದ್ದ ಮುನೆಮ್ಮನವರ ಕಡೆ ತಿರುಗಿದರು.

"ಏನಮ್ಮಾ ಇದು?"

ಮುನೆಮ್ಮನವರ ಕೈಯಲ್ಲಿ ಮೊರ ನಿಂತುಹೋಯಿತು. "ನಂಗ್ ಗೊತ್ತಿಲ್ಲ ಗೌಡ್ರೇ. ದೇವ್ರಾಣೆ ಗೊತ್ತಿಲ್ಲ."

"ವಯಸ್ಸಾದೋರಿಗೆ ಕಣ್ ಕಾಣಲ್ಲ ಅಂತ ಆಟ ಆಡ್ತೀರಾ? ನಾರಾಯಣ ಬರ್ಲಿ. ಸಂಜೆಯೊಳಗೆ ಗಂಟು ಕಟ್ಕೊಂಡು ನಡೀರಿ."

ಮಾತಾಡಿದವಳು ನಾನು. ಚಕ್ರ ತಿರುಗಿಸಿದವಳು ನಾನು. ತಿಂದವರು ಅಜ್ಜಿ. ಗಂಟು ಕಟ್ಟಬೇಕಾದವರು ಮುನೆಮ್ಮ. ಅನ್ಯಾಯದ ಲೆಕ್ಕ ಹೇಗೆ ನಡೆಯುತ್ತದೆ ಎಂಬುದನ್ನು ಯಾವ ಮೇಷ್ಟ್ರೂ ಇಷ್ಟು ಚೊಕ್ಕವಾಗಿ ಕಲಿಸಿರಲಾರರು.

"ಸುಳ್ಳು!" ಎಂದದ್ದು ಅಜ್ಜಿ. ಅವರು ಎದ್ದು ಬಂದು ನನ್ನ ಕಿವಿ ಹಿಡಿದು ತಿರುಚಿದರು. "ನನ್ ಕಣ್ಣು ಮಂಜಾಗಿರಬೋದು, ನಾಲಗೆ ಮಂಜಾಗಿಲ್ಲ. ನಾನ್ ಇಟ್ಟಿದ್ದು ನಂಗೆ ಗೊತ್ತಾಗಲ್ವಾ? ಸ್ಕೂಲಿಗ್ ಹೋಗಿ ಕಥೆ ಕಟ್ಟೋದ್ ಕಲ್ತಿದಾಳೆ ಇವ್ಳು."

"ಅಜ್ಜಿ, ನಾನೇ ತಿರುಗಿಸಿ..."

"ಬಾಯ್ಮುಚ್ಚು!" ಕಿವಿ ಇನ್ನೊಂದು ಸುತ್ತು ತಿರುಗಿತು.

ದೊಡ್ಡಪ್ಪ ಗಂಗರತ್ನನನ್ನು ಕರೆದರು. ಅವಳು ಬಂದು ತಲೆ ತಗ್ಗಿಸಿ ನಿಂತಳು.

"ಪಾಪ ಸುಳ್ಳು ಹೇಳ್ತೈತೆ ಗೌಡ್ರೇ," ಎಂದಳು ಮೆಲ್ಲಗೆ. "ಚಕ್ರ ತಿರುಗ್ಸೋಳೂ ನಾನೇ, ನಿಲ್ಸೋಳೂ ನಾನೇ. ಒಂದ್ ದಿನಾನೂ ತಪ್ಪಿಲ್ಲ."

ದೊಡ್ಡಪ್ಪ ಮೂವರನ್ನೂ ನೋಡಿದರು. ಆಮೇಲೆ ತಾವೇ ತಂತಿ ತೆಗೆದುಕೊಂಡು ಚಕ್ರವನ್ನು ಪೈಪಿಗೆ ಬಿಗಿದು ಕಟ್ಟಿ, ಇನ್ನು ತಿರುಗುವ ಹಾಗಿಲ್ಲ ಎಂದು ಹೇಳಿ ಬೈಕು ಹತ್ತಿದರು. ಗಂಟು ಕಟ್ಟುವ ಮಾತು ಮತ್ತೆ ಬರಲಿಲ್ಲ.

ಆ ಸಂಜೆ ಬದನೆಕಾಯಿ ಒಂದು ಮಗ್ಗುಲು ಕರಕಾಯಿತು. ಅಜ್ಜಿ ಅದನ್ನೇ ತಿಂದರು. ಉಂಡು ಕೈ ತೊಳೆದ ಮೇಲೆ ಹುಲ್ಲಿನಲ್ಲಿ ಹಣ್ಣಿಗಿಟ್ಟಿದ್ದ ರಸಪುರಿಯೊಂದನ್ನು ತಂದು, ಮೆದುಮಾಡಿ, ತೊಟ್ಟು ಕಿತ್ತು ನನ್ನ ಕೈಗಿಟ್ಟರು. ಕಿವಿಯನ್ನು ಮುಟ್ಟಿ ನೋಡಿದರು. "ಉರೀತಾ?" ಎಂದರು. ಅಷ್ಟೇ.

ಅಜ್ಜಿಗೆ ಗೊತ್ತಿತ್ತೇ? ಮುನೆಮ್ಮನವರ ಅನ್ನ ಉಳಿಸಲು ಸುಳ್ಳು ಹೇಳಿದರೇ, ಅಥವಾ ತಾವು ತಿಂದದ್ದನ್ನು ಹಿರಿಮಗನ ಎದುರು ಒಪ್ಪಿಕೊಳ್ಳಲಾರದೆಯೇ? ಬಹಳ ವರ್ಷ ನಾನು ಈ ಕಥೆಯನ್ನು ಅಜ್ಜಿಯ ದೊಡ್ಡತನದ ಕಥೆಯಾಗಿ ಹೇಳಿಕೊಂಡು ಬಂದೆ. ಅಷ್ಟು ಸುಲಭಕ್ಕೆ ಅವರನ್ನು ಬಿಟ್ಟುಬಿಡಲಾರೆ. ಮಡಿಯ ಆ ಗೆರೆಯನ್ನು ಅವರು ಸಾಯುವವರೆಗೂ ಅಳಿಸಲಿಲ್ಲ. ನನಗೆ ಮುದ್ದೆ ನುಂಗಲು ಕಲಿಸಿದ, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿ ಕೂರುತ್ತಿದ್ದ ಕೈಯೂ ಅದೇ. ಎರಡನ್ನೂ ಬರೆಯದೆ ನನಗೆ ಗತಿಯಿಲ್ಲ.

ಗಂಗರತ್ನ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಪಂಪಿನ ತೊಟ್ಟಿಯ ಬಳಿ ಸಿಕ್ಕಳು. ನಾನೇ ಜಗಳಕ್ಕೆ ಹೋದೆ.

"ನೀನ್ ಯಾಕೆ ಸುಳ್ ಹೇಳ್ದೆ? ನಾನ್ ನಿಮ್ಮ ಪರವಾಗಿ ತಾನೇ ಮಾತಾಡಿದ್ದು?"

ಅವಳು ಕೊಡವನ್ನು ಕೆಳಗಿಟ್ಟಳು. "ನಿಜ ಹೇಳಿದ್ದಕ್ಕೆ ನಿಂಗೆ ಕಿವಿ ಹೋಯ್ತು. ನಂಗೆ ತೋಪೇ ಹೋಗ್ತಿತ್ತು."

"ಆದ್ರೂ..."

"ಒಂದ್ ಮಾತ್ ಕೇಳ್ತೀನಿ ಹೇಳು. ದಿನಾ ಮಧ್ಯಾಹ್ನ ನನ್ ಕೈಯಿಂದ ಇಸ್ಕೊಂಡ್ ತಿಂದೋಳು ಯಾರು?"

ನಾನು ತೊಟ್ಟಿಯ ನೀರು ಕಲಕಿದೆ.

"ನಾನು ತಿಂದೆ ಅಂತ ಹೇಳ್ಬೋದಿತ್ತಲ್ಲ ನೀನು. ನಿನ್ ಬಾಯಿ, ನಿನ್ ಹೊಟ್ಟೆ. ಅಜ್ಜಿ ತಿಂದ್ರು, ನಮ್ ಬದನೇಕಾಯಿ ತಿಂದ್ರು ಅಂತ ಯಾಕೆ ಹೇಳ್ದೆ?"

ಅವಳು ಕೊಡ ಎತ್ತಿಕೊಂಡು ಹೋದಳು. ಆಮೇಲೆ ಸುಗ್ಗಿ ಮುಗಿಯುವವರೆಗೂ ನಾವು ಜೊತೆಗೇ ಕೋತಿ ಓಡಿಸಿದೆವು, ಜೊತೆಗೇ ನಕ್ಕೆವು. ಆದರೆ ಆಮೇಲೆ ನಾವಿಬ್ಬರೇ ಇದ್ದಾಗಲೂ ಅವಳು ನನ್ನನ್ನು "ಪಾಪ" ಎಂದೇ ಕರೆದಳು.

ಮರುವರ್ಷ ದೊಡ್ಡಪ್ಪ ಬೇರೆ ಕುಟುಂಬವನ್ನು ಕಾವಲಿಗೆ ಕರೆದರು. ಯಾಕೆಂದು ಯಾರೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಅನ್ಯಾಯ ಕಂಡರೆ ಎದ್ದು ನಿಲ್ಲಬೇಕಾಗಿದ್ದ ಗಳಿಗೆ ಅದು, ನಾನು ಕೂತೇ ಇದ್ದೆ.

ಆ ಹಾಸುಬಂಡೆ ಈಗ ಜಲ್ಲಿಯಾಗಿ ಯಾವುದೋ ರಸ್ತೆಯಲ್ಲಿ ಮಲಗಿದೆ. ತೋಪಿನ ಅರ್ಧ ಮರಗಳು ಹೋಗಿವೆ. ಉಳಿದ ತೋಪುಗಳ ಕಾವಲಿಗೆ ಕ್ಯಾಮೆರಾ ಬಂದಿದೆ, ಗುಡಿಸಲಿಗೆ ಗ್ಯಾಸ್ ಬಂದಿದೆ. ಹೆದ್ದಾರಿಯ ಪಕ್ಕದ ರೆಸಾರ್ಟಿನಲ್ಲಿ ಮಿರುಗುವ ಸ್ಟೀಲಿನ ಜಾಲರಿ ಒಲೆ ಇಟ್ಟು, ಸುತ್ತ ಕುರ್ಚಿ ಹಾಕಿ, ಜೋಳದ ತೆನೆ ಸುಟ್ಟುಕೊಡುತ್ತಾರೆ. ಮಕ್ಕಳು ಖುಷಿಯಿಂದ ತಿನ್ನುತ್ತಾರೆ, ಅದನ್ನು ಹಳಿಯಲಾರೆ. ಉಂಡ ಮೇಲೆ ಆ ಜಾಲರಿ ಉಜ್ಜುವವರು ಯಾವ ಕೇರಿಯಿಂದ ಬರುತ್ತಾರೆ ಎಂದು ಮಾತ್ರ ಪ್ರತಿ ಸಲ ಕೇಳುತ್ತೇನೆ. ಉತ್ತರ ಬದಲಾಗಿಲ್ಲ.

ನಾನು ದೊಡ್ಡವಳಾಗಿ ಸಭೆಗಳಲ್ಲಿ ಮಾತಾಡುವವಳಾದೆ. ಈಗ ಮಾತು ಮುಗಿದ ಮೇಲೆ ಚಪ್ಪಾಳೆ ಬೀಳುತ್ತದೆ. ಇದರಲ್ಲಿ ನಿನ್ನದೆಷ್ಟು, ನಮ್ಮದೆಷ್ಟು ಎಂದು ಕೊಡ ಕೆಳಗಿಟ್ಟು ಕೇಳುವವರು ಯಾರೂ ಇಲ್ಲ. ನಾನು ಕಳೆದುಕೊಂಡದ್ದು ಹಾಗೆ ಕೇಳುತ್ತಿದ್ದವಳನ್ನು.

ಈ ಬರಹದಲ್ಲಿ ಗಂಗರತ್ನ ಎಂದು ಕರೆದಿರುವುದು ಅವಳ ನಿಜವಾದ ಹೆಸರಲ್ಲ. ಅದನ್ನು ಬರೆಯಲೇ ಎಂದು ಅವಳನ್ನೇ ಕೇಳಬೇಕಿತ್ತು. ಅವಳು ಎಲ್ಲಿದ್ದಾಳೆಂದು ನನಗೆ ಗೊತ್ತಿಲ್ಲ, ಇಷ್ಟು ವರ್ಷ ನಾನು ಹುಡುಕಿಯೂ ಇಲ್ಲ.